ಐದು ವರ್ಷ ಎಂಬ ಲೆಕ್ಕ

ಬ್ರಿಟನ್ನಿಗೆ ಕೆಲಸದ ವೀಸಾದ ಮೇಲೆ ಬಂದ ಕನ್ನಡ ಕುಟುಂಬಗಳ ಮಾತಿನಲ್ಲಿ ‘ಐದು ವರ್ಷ’ ಎಂಬುದು ಬರೀ ಕಾಲದ ಅಳತೆಯಾಗಿ ಉಳಿದಿಲ್ಲ. ಮನೆ ಕೊಳ್ಳುವುದು, ಕೆಲಸ ಬದಲಿಸುವುದು, ಊರಿನ ಜಮೀನಿನ ವಿಷಯ ತೀರ್ಮಾನಿಸುವುದು ಎಲ್ಲವೂ ಅದಾದ ಮೇಲೆ ಎಂದು ಮುಂದಕ್ಕೆ ಹೋಗುತ್ತವೆ. ಆ ಅವಧಿಯ ಕೊನೆಗೆ ಸಿಗುವ ಅನುಮತಿಗೆ ಇಂಡೆಫಿನಿಟ್ ಲೀವ್ ಟು ರಿಮೇನ್ ಎಂದು ಹೆಸರು. ಬಳಕೆಯಲ್ಲಿ ಅದು ಐಎಲ್‌ಆರ್, ಅಂದರೆ ಕಾಲಮಿತಿಯಿಲ್ಲದೆ, ಉದ್ಯೋಗದಾತನ ಹಂಗಿಲ್ಲದೆ ಆ ದೇಶದಲ್ಲಿ ನೆಲೆಸುವ ಹಕ್ಕು. ಆದರೆ ವೀಸಾ ಕೊಟ್ಟ ದಿನ ಸರ್ಕಾರವು ಐದು ವರ್ಷದ ನಂತರ ಈ ಹಕ್ಕನ್ನು ಕೊಡುತ್ತೇನೆಂದು ಎಲ್ಲಿಯೂ ಬರೆದುಕೊಡುವುದಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆಯೋ ಸಾಮಾನ್ಯವಾಗಿ ಅದೇ ಅನ್ವಯಿಸುತ್ತದೆ. ಜೊತೆಗೆ ಆ ಐದು ವರ್ಷವನ್ನು ಕುಟುಂಬಕ್ಕೆ ಒಟ್ಟಾಗಿ ಎಣಿಸದೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಎಣಿಸಲಾಗುತ್ತದೆ. ಪ್ರಸ್ತುತ ಲೇಖಕನಿಗೆ ಈ ಎರಡು ಸಂಗತಿಗಳು ಓದಿನಿಂದ ತಿಳಿದವಲ್ಲ. 2020ರ ಜನವರಿ 18ರಂದು ಹಾಸನ ಬಿಟ್ಟು ರೆಡಿಂಗ್‌ಗೆ ಬಂದ ಮೇಲೆ, ತಡವಾಗಿ ಮತ್ತು ಸಾಕಷ್ಟು ಬೆಲೆ ತೆತ್ತು ಅರಿತವು.

ಮೊದಲು ನಿಯಮಗಳ ಚಲನೆಯನ್ನು ಗಮನಿಸಬೇಕು. ಲೇಖಕ ಬಂದಾಗ ಇದ್ದ ಟಿಯರ್ 2 ಜನರಲ್ ಎಂಬ ವೀಸಾದ ಜಾಗಕ್ಕೆ 2020ರ ಡಿಸೆಂಬರ್ 1ರಂದು ಸ್ಕಿಲ್ಡ್ ವರ್ಕರ್ ವೀಸಾ ಬಂದಿತು. ಎರಡರಲ್ಲಿಯೂ ಉದ್ಯೋಗದಾತನೇ ಸ್ಪಾನ್ಸರ್. ಅವನು ಹುದ್ದೆ, ಅದರ ಸಂಕೇತ ಸಂಖ್ಯೆ ಮತ್ತು ಸಂಬಳವನ್ನು ನಮೂದಿಸಿ ಪ್ರಾಯೋಜನೆಯ ಪ್ರಮಾಣಪತ್ರವನ್ನು ಕೊಟ್ಟರಷ್ಟೇ ವೀಸಾ ಸಿಗುತ್ತದೆ. ಹೊಸ ವೀಸಾಕ್ಕೆ ಆರಂಭದಲ್ಲಿ ವರ್ಷಕ್ಕೆ 25,600 ಪೌಂಡ್ ಇದ್ದ ಸಾಮಾನ್ಯ ಸಂಬಳದ ಮಿತಿ 2023ರ ಏಪ್ರಿಲ್‌ನಲ್ಲಿ 26,200 ಆಗಿ, 2024ರ ಏಪ್ರಿಲ್ 4ರಂದು ಒಂದೇ ಜಿಗಿತಕ್ಕೆ 38,700ಕ್ಕೆ ಏರಿ, 2025ರ ಜುಲೈ 22ರಂದು 41,700 ಮುಟ್ಟಿತು. ಅದೇ ಜುಲೈನಲ್ಲಿ ಹುದ್ದೆಯ ಕೌಶಲ ಪದವಿ ಮಟ್ಟದ್ದಾಗಿರಬೇಕೆಂಬ ಷರತ್ತು ಮರಳಿ ಬಂದು, ಬಾಣಸಿಗರಂಥ ಅನೇಕ ಕಸುಬಿನವರಿಗೆ ಹೊಸದಾಗಿ ಬರುವ ದಾರಿ ಮುಚ್ಚಿತು. ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ನೇಮಿಸಿಕೊಳ್ಳುವುದೂ ನಿಂತಿತು. ಮೊದಲೇ ಬಂದವರಿಗೆ ಕೆಳಗಿನ ಮಿತಿ ಉಳಿಸುವ ಪರಿವರ್ತನಾ ನಿಯಮಗಳು ಇದ್ದವಾದ್ದರಿಂದ ಲೇಖಕನಿಗೆ ಈ ಏರಿಕೆ ನೇರವಾಗಿ ತಟ್ಟಲಿಲ್ಲ. ಆದರೆ ತನ್ನ ಜೊತೆಗೇ ಕೆಲಸ ಕಲಿತ ಕಿರಿಯ ಸಹೋದ್ಯೋಗಿಯೊಬ್ಬರು ಓದಿನ ನಂತರದ ವೀಸಾ ಮುಗಿಯುವ ಹೊತ್ತಿಗೆ ಹೊಸ ಮಿತಿಗೆ ಸಿಕ್ಕಿ ಬೆಂಗಳೂರಿಗೆ ಮರಳಬೇಕಾದುದನ್ನು ಅವನು ಕಣ್ಣಾರೆ ಕಂಡ. ಇಬ್ಬರ ಯೋಗ್ಯತೆಯಲ್ಲಿ ಅಂತರವಿರಲಿಲ್ಲ. ಇದ್ದದ್ದು ತಾರೀಖಿನ ಅಂತರ ಮಾತ್ರ.

ಲೇಖಕನ ಮೊದಲ ತಪ್ಪು ದಿನಗಳ ಎಣಿಕೆಗೆ ಸಂಬಂಧಿಸಿದ್ದು. ಐಎಲ್‌ಆರ್ ಪಡೆಯಬೇಕಾದರೆ ಯಾವುದೇ ಹನ್ನೆರಡು ತಿಂಗಳ ಅವಧಿಯಲ್ಲಿ 180 ದಿನಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿರಬಾರದು. ಇಲ್ಲಿ ‘ಯಾವುದೇ’ ಎಂಬ ಮಾತೇ ನಿರ್ಣಾಯಕ. ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷವಲ್ಲ, ಯಾವ ದಿನದಿಂದ ಎಣಿಸಲು ತೊಡಗಿದರೂ ಮುಂದಿನ ಹನ್ನೆರಡು ತಿಂಗಳು ಎಂದು ಅದರ ಅರ್ಥ. ಹೊರಟ ದಿನ ಮತ್ತು ಬಂದಿಳಿದ ದಿನವನ್ನು ಬಿಟ್ಟು ನಡುವಿನ ಪೂರ್ಣ ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. 2021ರ ಏಪ್ರಿಲ್ 10ರಂದು ತಂದೆಯ ಅನಾರೋಗ್ಯದ ಸುದ್ದಿ ಕೇಳಿ ಹಾಸನಕ್ಕೆ ಹೊರಟ ಲೇಖಕ, ಆ ತಿಂಗಳ 23ರಂದು ಬ್ರಿಟನ್ ಭಾರತವನ್ನು ಕೋವಿಡ್‌ನ ಕೆಂಪು ಪಟ್ಟಿಗೆ ಸೇರಿಸಿದ್ದರಿಂದ ಊರಿನಲ್ಲೇ ಉಳಿದು, ಕಂಪನಿಯ ಒಪ್ಪಿಗೆಯ ಮೇಲೆ ಅಲ್ಲಿಂದಲೇ ಕೆಲಸ ಮಾಡಿ, ಆಗಸ್ಟ್ 8ರಂದು ಭಾರತ ಆ ಪಟ್ಟಿಯಿಂದ ಹೊರಬಂದ ಮೇಲೆ 12ರಂದು ಹಿಂದಿರುಗಿದ. ಪೂರ್ಣ ದಿನಗಳು 123. ಮರುವರ್ಷ ತಂಗಿಯ ಮದುವೆ ಮುಗಿಸಿ ಹೆಂಡತಿ ಮಗಳನ್ನು ಕರೆತರಲು ಫೆಬ್ರವರಿ 5ಕ್ಕೆ ಹೊರಟು ಏಪ್ರಿಲ್ 8ಕ್ಕೆ ಮರಳುವಂತೆ ಟಿಕೆಟ್ ಮಾಡಿಸಿದ. ಅದು 61 ದಿನ. 2021ರಲ್ಲಿ 123, 2022ರಲ್ಲಿ 61, ಎರಡೂ 180ಕ್ಕೆ ಎಷ್ಟೋ ಕಡಿಮೆ ಎಂದು ಅವನು ನಿಶ್ಚಿಂತನಾಗಿದ್ದ. ಆದರೆ 2021ರ ಏಪ್ರಿಲ್ 11ರಿಂದ ಎಣಿಸಿದರೆ ಎರಡು ಪ್ರಯಾಣಗಳೂ ಒಂದೇ ಹನ್ನೆರಡು ತಿಂಗಳೊಳಗೆ ಬಿದ್ದು ಮೊತ್ತ 184 ಆಗುತ್ತಿತ್ತು. ಮದುವೆ ಮನೆಯಲ್ಲಿ, ಲಗ್ನಪತ್ರಿಕೆಯ ಹಿಂಬದಿಯಲ್ಲಿ ತಿಂಗಳುವಾರು ದಿನಗಳನ್ನು ಬರೆದು ಕೂಡಿಸಿದಾಗ ಇದು ಬೆಳಕಿಗೆ ಬಂದು, ಟಿಕೆಟ್ ಬದಲಾಯಿಸಿ ಮಾರ್ಚ್ 30ಕ್ಕೇ ಮೂವರೂ ರೆಡಿಂಗ್ ತಲುಪಿದರು. ಮೊತ್ತ 175ಕ್ಕೆ ನಿಂತಿತು. ಸಾಂಕ್ರಾಮಿಕದಿಂದ ಆದ ಗೈರುಹಾಜರಿಗೆ ಪುರಾವೆಯ ಮೇಲೆ ವಿನಾಯಿತಿ ಕೇಳುವ ಅವಕಾಶ ಇತ್ತೆಂಬುದು ನಿಜ; ಆದರೆ ಕೇಳಿಕೊಂಡು ಪಡೆಯಬೇಕಾದ ವಿನಾಯಿತಿಯನ್ನು ನಂಬಿ ಸಂಸಾರದ ಯೋಜನೆ ಮಾಡುವುದು ಸರಿಯಲ್ಲ. ಪಾಸ್‌ಪೋರ್ಟಿನ ಮೊಹರುಗಳನ್ನೂ ನೆಚ್ಚಿಕೊಳ್ಳಲಾಗದು, ಏಕೆಂದರೆ ಬ್ರಿಟನ್ ಬಿಟ್ಟು ಹೊರಡುವಾಗ ಮೊಹರು ಒತ್ತುವುದಿಲ್ಲ. ಅಂದಿನಿಂದ ಬೋರ್ಡಿಂಗ್ ಪಾಸುಗಳು ಮತ್ತು ಒಂದು ಹಾಳೆಯ ಪ್ರಯಾಣಪಟ್ಟಿ ಆ ಮನೆಯ ಕಡತದಲ್ಲಿ ಒಡವೆಯಂತೆ ಉಳಿದಿವೆ.

ಸಂಬಳದ ಕಾಗದಪತ್ರಗಳಲ್ಲಿಯೂ ಇಂಥದೇ ಎಚ್ಚರ ಬೇಕು. ಅರ್ಜಿಯ ಹೊತ್ತಿಗೆ ಉದ್ಯೋಗದಾತನು ಈ ಕೆಲಸಗಾರ ಮುಂದೆಯೂ ಬೇಕು, ಇಂತಿಷ್ಟು ಸಂಬಳ ಕೊಡುತ್ತಿದ್ದೇವೆ ಎಂದು ದೃಢೀಕರಿಸಬೇಕಾಗುತ್ತದೆ. ಲೇಖಕನ ಕಂಪನಿ ಕೊಟ್ಟ ಮೊದಲ ಪತ್ರದಲ್ಲಿ ಬೋನಸ್ಸನ್ನೂ ಸೇರಿಸಿದ ಮೊತ್ತ ಇತ್ತು. ಲೆಕ್ಕಕ್ಕೆ ಬರುವುದು ಖಾತರಿಯಾದ ಮೂಲ ಸಂಬಳ ಮಾತ್ರವಾದ್ದರಿಂದ, ಪತ್ರ ಮತ್ತು ಪೇಸ್ಲಿಪ್ಪುಗಳ ನಡುವೆ ಹೊಂದಾಣಿಕೆಯಿಲ್ಲದೆ ಅರ್ಜಿ ಮೂರು ವಾರ ತಡವಾಯಿತು. ಇಪ್ಪತ್ತನಾಲ್ಕು ಪ್ರಶ್ನೆಗಳ ಲೈಫ್ ಇನ್ ದಿ ಯುಕೆ ಪರೀಕ್ಷೆಗೆ ಹೋಲಿಸಿದರೆ ಈ ಒಂದು ಪತ್ರವೇ ಹೆಚ್ಚು ನಿದ್ದೆ ಕೆಡಿಸಿತು. ಐದು ವರ್ಷ ತುಂಬುವ 28 ದಿನ ಮೊದಲೇ, ಅಂದರೆ 2024ರ ಡಿಸೆಂಬರ್ 21ರಿಂದಲೇ ಅರ್ಜಿ ಹಾಕಬಹುದಿತ್ತಾದರೂ ಅದು ಸಲ್ಲಿಕೆಯಾದದ್ದು ಜನವರಿಯಲ್ಲಿ. ಶುಲ್ಕ ಆಗ 2,885 ಪೌಂಡ್, ಆ ಏಪ್ರಿಲ್‌ನಿಂದ 3,029.

ಐಎಲ್‌ಆರ್ ಕೈಗೆ ಬಂದ ದಿನ ಆ ಮನೆಯಲ್ಲಿ ಸಂಭ್ರಮ ಅರ್ಧವೇ ಆಗಿತ್ತು. ಅವಲಂಬಿತ ವೀಸಾದಲ್ಲಿರುವ ಹೆಂಡತಿ ತನ್ನದೇ ಐದು ವರ್ಷವನ್ನು ಪೂರೈಸಬೇಕಾಗಿದ್ದು, 2022ರಲ್ಲಿ ಬಂದ ಆಕೆಯ ಲೆಕ್ಕ 2027ರ ಮಾರ್ಚ್‌ಗೆ ಮುಗಿಯುತ್ತದೆ. ಆಕೆಯೊಂದಿಗೆ ಹಾಸನದಿಂದ ಬಂದ ದೊಡ್ಡ ಮಗಳಿಗೆ, ತಂದೆ ತಾಯಿ ಇಬ್ಬರಿಗೂ ನೆಲೆಸುವ ಹಕ್ಕು ಸಿಗುವವರೆಗೆ ಅದು ಸಿಗುವುದಿಲ್ಲ. 2023ರಲ್ಲಿ ರೆಡಿಂಗ್‌ನಲ್ಲೇ ಹುಟ್ಟಿದ ಚಿಕ್ಕವಳು, ಹುಟ್ಟುವಾಗ ಪೋಷಕರಲ್ಲಿ ಯಾರೂ ನೆಲೆಸುವ ಹಕ್ಕು ಪಡೆದಿರದ ಕಾರಣ 1981ರ ಪೌರತ್ವ ಕಾಯ್ದೆಯಂತೆ ಬ್ರಿಟಿಷ್ ಪ್ರಜೆಯಾಗಿರಲಿಲ್ಲ. ತಂದೆಗೆ ಐಎಲ್‌ಆರ್ ಸಿಕ್ಕ ಮೇಲೆ ನೋಂದಣಿಯ ಮೂಲಕ ಪ್ರಜೆಯಾಗುವ ಹಕ್ಕು ಅವಳಿಗೆ ಬಂದಿತು. ಒಂದೇ ಕೋಣೆಯಲ್ಲಿ ಮಲಗುವ ಅಕ್ಕತಂಗಿಯರಲ್ಲಿ ತಂಗಿ ಪ್ರಜೆಯಾಗಿ, ಅಕ್ಕ ವೀಸಾದವಳಾಗಿ ಉಳಿದರು. ಮನೆ ಸರಿಹೋಗಲಿ, ಕೆಲಸ ಗಟ್ಟಿಯಾಗಲಿ, ಆಮೇಲೆ ಕರೆಸಿಕೊಳ್ಳೋಣ ಎಂದು ಎರಡು ವರ್ಷ ತಡಮಾಡಿದ್ದು, ಸಾಂಕ್ರಾಮಿಕವೂ ಅದಕ್ಕೆ ಕಾರಣವಾದರೂ, ಲೇಖಕನ ಅತಿ ದೊಡ್ಡ ತಪ್ಪು ಎಂದೇ ಹೇಳಬೇಕು. ಹೊಸದಾಗಿ ಹೊರಡುವವರು ಸಾಧ್ಯವಾದರೆ ಸಂಸಾರ ಸಮೇತ ಹೊರಡಬೇಕೆಂದು ಅವನು ಒತ್ತಿ ಹೇಳುವುದು ಈ ಕಾರಣಕ್ಕೆ. ಖರ್ಚು ಹಗುರವಲ್ಲವೆಂಬುದೂ ಅವನಿಗೆ ಗೊತ್ತು: ವೀಸಾದೊಂದಿಗೆ ಮುಂಗಡವಾಗಿ ಕಟ್ಟಬೇಕಾದ ಆರೋಗ್ಯ ಶುಲ್ಕವೇ 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776.

ಈ ತಡ ಇಷ್ಟು ಭಾರವಾಗಲು ಕಾರಣ 2025ರ ಬೆಳವಣಿಗೆಗಳು. ಮೇ 12ರಂದು ಪ್ರಕಟವಾದ ಸರ್ಕಾರದ ಶ್ವೇತಪತ್ರವು ನೆಲೆಸುವ ಹಕ್ಕಿನ ಸಾಮಾನ್ಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಮಾತನಾಡಿತು; ನವೆಂಬರ್ 20ರಂದು ಗೃಹ ಸಚಿವೆ ಶಬಾನಾ ಮಹಮೂದ್ ಅದರ ವಿವರಗಳನ್ನು ಸಾರ್ವಜನಿಕ ಅಭಿಪ್ರಾಯಕ್ಕಾಗಿ ಮುಂದಿಟ್ಟರು. ಹೆಚ್ಚಿನ ಆದಾಯವಿದ್ದವರಿಗೆ ಅವಧಿ ಇಳಿಯುವುದು, ಪದವಿ ಮಟ್ಟಕ್ಕಿಂತ ಕೆಳಗಿನ ಹುದ್ದೆಯವರಿಗೆ ಹದಿನೈದು ವರ್ಷವಾಗುವುದು, ಕೆಲವು ವರ್ಷ 12,570 ಪೌಂಡಿಗಿಂತ ಹೆಚ್ಚಿನ ಸ್ವಂತ ಗಳಿಕೆ ತೋರಿಸಬೇಕಾಗುವುದು, ಈಗಾಗಲೇ ದೇಶದಲ್ಲಿದ್ದು ಐಎಲ್‌ಆರ್ ಪಡೆಯದವರಿಗೂ ಇದೆಲ್ಲ ಅನ್ವಯಿಸುವುದು ಆ ಪ್ರಸ್ತಾವದ ತಿರುಳು. ಹಸುಗೂಸನ್ನು ನೋಡಿಕೊಳ್ಳಲು ಮನೆಯಲ್ಲಿದ್ದ ತಾಯಿಯ ದುಡಿಮೆಯನ್ನು ಪೇಸ್ಲಿಪ್ಪಿನಿಂದ ಅಳೆಯುವ ಈ ಕ್ರಮ ನ್ಯಾಯವಾದದ್ದೆಂದು ಲೇಖಕ ಒಪ್ಪುವುದಿಲ್ಲ.

ನಡುದಾರಿಯಲ್ಲಿ ನಿಯಮ ಬದಲಿಸುವುದು ಹೊಸದೂ ಅಲ್ಲ, ಪ್ರಶ್ನಾತೀತವೂ ಅಲ್ಲ. 2002ರಲ್ಲಿ ಆರಂಭವಾದ ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪ್ರೋಗ್ರಾಮ್‌ನ ಅಡಿಯಲ್ಲಿ ಬಂದವರಿಗೆ 2006ರ ಏಪ್ರಿಲ್‌ನಲ್ಲಿ ನೆಲೆಸುವ ಅವಧಿಯನ್ನು ನಾಲ್ಕರಿಂದ ಐದು ವರ್ಷಕ್ಕೆ ಏರಿಸಿ, ಅದೇ ನವೆಂಬರ್‌ನಲ್ಲಿ ವಿಸ್ತರಣೆಯ ಷರತ್ತುಗಳನ್ನು ಬಿಗಿಗೊಳಿಸಿದಾಗ, ಸಂತ್ರಸ್ತರು ಒಂದು ವೇದಿಕೆಯಾಗಿ ಲಂಡನ್ನಿನ ಹೈಕೋರ್ಟಿಗೆ ಹೋದರು. 2008 ಮತ್ತು 2009ರ ತೀರ್ಪುಗಳು ಅವರ ಪರವಾಗಿ ಬಂದವು. ಸರ್ಕಾರದ ಮಾತನ್ನು ನಂಬಿ ಊರು, ಕೆಲಸ ಬಿಟ್ಟು ಬಂದವರ ನಿರೀಕ್ಷೆಗೆ ಕಾನೂನಿನಲ್ಲಿ ಬೆಲೆಯುಂಟು ಎಂಬುದು ಆ ತೀರ್ಪುಗಳ ಆಧಾರ. ಲೇಖಕ ಆ ಇತಿಹಾಸವನ್ನು ಓದಿದ್ದು 2025ರ ಚಳಿಗಾಲದಲ್ಲಿ, ಸಾರ್ವಜನಿಕ ಅಭಿಪ್ರಾಯದ ನಮೂನೆಯನ್ನು ಹೆಂಡತಿಯೊಂದಿಗೆ ಕುಳಿತು ತುಂಬುವ ಹೊತ್ತಿನಲ್ಲಿ. ಮಕ್ಕಳ ಕುರಿತ ಪ್ರಶ್ನೆಗೆ ಉತ್ತರ ಬರೆದವಳು ಆಕೆಯೇ. ಈಗ ಆಕೆ ಶಾಲೆಯೊಂದರ ಅಡುಗೆಮನೆಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಾಳೆ. ಪ್ರತಿ ತಿಂಗಳ ಪೇಸ್ಲಿಪ್ಪು ಅದೇ ಕಡತದಲ್ಲಿ, ಲಗ್ನಪತ್ರಿಕೆಯ ಹಿಂದೆ ಸೇರುತ್ತಿದೆ.