ಲಾರಿ ಲೈಸೆನ್ಸ್ ಪರೀಕ್ಷೆಗೆ ಮುಂಚೆ ಗಾಡಿ ನೋಡಿ

ಲಾರಿ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಹೆಂಗಸರಿಗೂ ಅದೇ ನಿಯಮ. ಎಂಟನೇ ಕ್ಲಾಸ್ ಓದಿರಬೇಕೆಂಬ ಷರತ್ತು 2019ರಲ್ಲೇ ಹೋಯಿತು.

ಪರೀಕ್ಷೆಗೆ ಒಯ್ಯುವ ಗಾಡಿಯ ಆರ್.ಸಿ., ವಿಮೆ, ಎಫ್.ಸಿ., ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಲಿ. ಲೈಟು, ಹಾರ್ನು, ಕನ್ನಡಿ ನೋಡೋದು ಸುಲಭ. ಟೈರಿನ ಹಲ್ಲು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

ಬ್ರೇಕಿನ ವಿಷಯದಲ್ಲಿ ಮಾತ್ರ ಅವಸರ ಬೇಡವೆಂದು ನಾವು ಒತ್ತಿ ಹೇಳುತ್ತೇವೆ. ದೊಡ್ಡ ಲಾರಿಯ ಬ್ರೇಕು ಗಾಳಿಯ ಒತ್ತಡದ್ದು. ಸ್ಕೂಲಿನವರು "ನಾವ್ ನೋಡ್ಕೊಳ್ತೀವಿ ಬಿಡಮ್ಮ" ಅಂದರೂ ಬಿಡಬೇಡಿ, ಘಾಟಿಯಲ್ಲಿ ಸ್ಟೇರಿಂಗ್ ಹಿಡಿಯೋದು ನೀವು. ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಚಾಲೂ ಮಾಡಿ ಗಾಳಿ ಮೀಟರಿನ ಮುಳ್ಳು ಪೂರ್ತಿ ಏರುವವರೆಗೆ ಕಾಯಿರಿ. ಎಂಜಿನ್ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಿರಿ. ಮುಳ್ಳು ಇಳಿಯುತ್ತಲೇ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ; ರಿಪೇರಿಯಾಗದೆ ಆ ಗಾಡಿ ಹತ್ತಬೇಡಿ.