ಉತ್ತರ ಸಾಲದು, ಲೆಕ್ಕ ತೋರಿಸಿ!



ಗಣಿತದ ನೋಟ್ ಪುಸ್ತಕದಲ್ಲಿ ನೀವು ಉತ್ತರವನ್ನಷ್ಟೇ ಬರೆದು ತೋರಿಸಿದರೆ ನಿಮ್ಮ ಗುರುಗಳು ಏನೆನ್ನುತ್ತಾರೆ? “ಲೆಕ್ಕ ಮಾಡಿದ ಬಗೆ ಎಲ್ಲಿ?” ಎಂದು ಕೇಳುತ್ತಾರೆ, ಅಲ್ಲವೇ? ಬಗೆಯನ್ನು ತೋರಿಸಿದರೆ ತಾನೇ ತಪ್ಪು ಎಲ್ಲಿದೆ ಎಂದು ತಿಳಿಯುವುದು! ವಿಜ್ಞಾನದಲ್ಲಿಯೂ ಇದೇ ನಿಯಮ. ಈ ನಿಯಮವನ್ನು ಮರೆತರೆ ಏನಾಗುತ್ತದೆ? ಹಾರುವ ತಟ್ಟೆಗಳ ಬಗ್ಗೆ ಸಂಶೋಧನೆ ಮಾಡುತ್ತೇವೆ ಎಂದವರ ಒಂದು ನಿಜ ಘಟನೆಯನ್ನು ನೋಡೋಣ.

ರಾಸ್‌ವೆಲ್‌ನಲ್ಲಿ ಬಿದ್ದದ್ದೇನು?

1947ರಲ್ಲಿ ಅಮೆರಿಕದ ರಾಸ್‌ವೆಲ್ ಎಂಬ ಊರಿನ ಬಳಿಯ ಬಯಲಿನಲ್ಲಿ ಬೆಳ್ಳಿಯಂತೆ ಹೊಳೆಯುವ ಹಾಳೆ, ರಬ್ಬರ್ ಚೂರು ಮತ್ತು ಕಡ್ಡಿಗಳು ಬಿದ್ದಿದ್ದವು. ಸೇನೆಯವರು ಮೊದಲು “ಹಾರುವ ತಟ್ಟೆ ಸಿಕ್ಕಿದೆ” ಎಂದರು. ಆಮೇಲೆ “ಅಲ್ಲ, ಅದು ಹವಾಮಾನದ ಬಲೂನು” ಎಂದರು. ಅದು ಗುಟ್ಟಿನ ಯೋಜನೆಯೊಂದರ ಬಲೂನು ಎಂದು ಅಮೆರಿಕದ ವಾಯುಪಡೆ ತಿಳಿಸಿದ್ದು 1994ರಲ್ಲಿ! ರಷ್ಯಾದವರು ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ಶಬ್ದವನ್ನು ಬಹು ಎತ್ತರದಲ್ಲಿ ಹಿಡಿಯುವುದು ಆ ಯೋಜನೆಯ ಉದ್ದೇಶವಾಗಿತ್ತು.

ನಿಜವನ್ನು ಮುಚ್ಚಿಟ್ಟ ಕಡೆ ಕಟ್ಟುಕಥೆ ಬೆಳೆಯುತ್ತದೆ. “ಅಲ್ಲಿ ಅನ್ಯಗ್ರಹ ಜೀವಿಗಳ ಶವ ಸಿಕ್ಕಿತ್ತು” ಎಂಬ ಮಾತು ಲೋಕವೆಲ್ಲ ಹಬ್ಬಿತು.

ಮಸುಕಾಗಿದ್ದ ಫಲಕ

2015ರ ಮೇ 5ರಂದು ಮೆಕ್ಸಿಕೋ ನಗರದ ದೊಡ್ಡ ಸಭಾಂಗಣದಲ್ಲಿ ಸಾವಿರಾರು ಜನ ಸೇರಿದ್ದರು. ಅವರಲ್ಲಿ ಹಣ ಕೊಟ್ಟು ಟಿಕೆಟ್ ಪಡೆದವರಿದ್ದರು. ಹಾರುವ ತಟ್ಟೆಗಳ ಕೆಲವು ಸಂಶೋಧಕರು ಅಲ್ಲಿ ಎರಡು ಹಳೆಯ ಛಾಯಾಚಿತ್ರಗಳನ್ನು ತೋರಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಒಣಗಿದ ದೇಹ! “ಇದು ರಾಸ್‌ವೆಲ್ ಜೀವಿ ಇರಬೇಕು. ಫಿಲ್ಮ್ 1947ರ ಆಸುಪಾಸಿನದು ಎಂದು ತಜ್ಞರು ಹೇಳಿದ್ದಾರೆ” ಎಂದು ಅವರು ವಾದಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಫಿಲ್ಮ್ ಹಳೆಯದು ಎಂದರೆ ಚಿತ್ರದಲ್ಲಿರುವುದು ಅನ್ಯಗ್ರಹ ಜೀವಿ ಎಂದು ಆಗುತ್ತದೆಯೇ? ಇಲ್ಲ. ಫಿಲ್ಮ್ ಹಳೆಯದು ಎಂದಷ್ಟೇ ಆಗುತ್ತದೆ.

ದೇಹದ ಪಕ್ಕದಲ್ಲಿ ಬರಹವಿದ್ದ ಒಂದು ಫಲಕವೂ ಇತ್ತು. ಅಕ್ಷರಗಳು ಮಸುಕಾಗಿದ್ದವು. ಅವನ್ನು ಓದಲಾಗುವುದಿಲ್ಲ ಎಂದು ಹೇಳಲಾಗಿತ್ತು. ಆದರೆ ಸ್ಪಷ್ಟವಾದ ಪ್ರತಿ ಹೊರಬಂದ ಕೆಲವೇ ದಿನಗಳಲ್ಲಿ ಬೇರೆ ಆಸಕ್ತರು ಕಂಪ್ಯೂಟರ್ ನೆರವಿನಿಂದ ಅದನ್ನು ಓದಿಯೇಬಿಟ್ಟರು! ಅದು ಎರಡು ವರ್ಷದ ಗಂಡುಮಗುವಿನ ಒಣಗಿದ ದೇಹ ಎಂದು ಫಲಕದಲ್ಲೇ ಬರೆದಿತ್ತು. ಅಮೆರಿಕದ ಮೂಲನಿವಾಸಿಗಳ ಆ ಮಗುವಿನ ದೇಹವನ್ನು ಮೆಸಾ ವರ್ಡೆ ಎಂಬಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿತ್ತು.

ಯಾರದೋ ಮನೆಯಲ್ಲಿ ಆಡಿ ನಲಿದಿದ್ದ ಕಂದ! ಅದನ್ನು ‘ವಿಚಿತ್ರ ಜೀವಿ’ ಎಂದು ತೋರಿಸಿ ಟಿಕೆಟ್ ಮಾರಿದ್ದು ಸರಿಯೇ? ಆ ಸಂಶೋಧಕರಲ್ಲಿ ಒಬ್ಬರು ತಪ್ಪನ್ನು ಅರಿತು ಬಹಿರಂಗವಾಗಿ ಕ್ಷಮೆ ಕೇಳಿದರು. ಅದು ಮೆಚ್ಚಬೇಕಾದ ಮಾತು. ಆದರೆ ಎಲ್ಲರೂ ಹಾಗೆ ಒಪ್ಪಲಿಲ್ಲ. ಚಿತ್ರವನ್ನು ಮೊದಲೇ ಎಲ್ಲರ ಮುಂದಿಟ್ಟು “ಪರೀಕ್ಷಿಸಿ” ಎಂದಿದ್ದರೆ ಈ ತಪ್ಪೇ ನಡೆಯುತ್ತಿರಲಿಲ್ಲ.

ಚಪ್ಪಾಳೆ ಪಡೆದ ತಪ್ಪು

ವಿಜ್ಞಾನಿಗಳು ತಪ್ಪು ಮಾಡುವುದಿಲ್ಲವೇ? ಮಾಡುತ್ತಾರೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಆಂಡ್ರ್ಯೂ ಲೈನ್ ಮತ್ತು ಅವರ ಸಂಗಡಿಗರು 1991ರಲ್ಲಿ ಒಂದು ಸುದ್ದಿ ಪ್ರಕಟಿಸಿದರು. ಪಲ್ಸಾರ್ ಎಂಬ ಬಗೆಯ ನಕ್ಷತ್ರವೊಂದರ ಸುತ್ತ ಗ್ರಹವೊಂದು ಆರು ತಿಂಗಳಿಗೊಮ್ಮೆ ಸುತ್ತುತ್ತಿದೆ ಎಂದರು. ಜಗತ್ತೇ ಬೆರಗಾಯಿತು.

ಆಮೇಲೆ ಲೈನ್ ತಮ್ಮ ಲೆಕ್ಕವನ್ನು ತಾವೇ ಮತ್ತೆ ನೋಡಿದರು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಆಗುವ ವ್ಯತ್ಯಾಸವನ್ನು ಕಳೆಯುವಾಗ ಸಣ್ಣ ತಪ್ಪಾಗಿತ್ತು. ಗ್ರಹ ಇರಲೇ ಇಲ್ಲ! 1992ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಖಗೋಳ ವಿಜ್ಞಾನಿಗಳ ದೊಡ್ಡ ಸಭೆ ನಡೆಯಿತು. ಲೈನ್ ವೇದಿಕೆಗೆ ಬಂದು “ನಮ್ಮದು ತಪ್ಪು” ಎಂದು ಹೇಳಿ, ಅದು ಹೇಗಾಯಿತು ಎಂದೂ ವಿವರಿಸಿದರು. ಯಾರೂ ನಗಲಿಲ್ಲ. ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿ ಗೌರವ ತೋರಿಸಿದರು.

ಅದೇ ಸಭೆಯಲ್ಲಿ ಇನ್ನೊಬ್ಬ ವಿಜ್ಞಾನಿ ಬೇರೊಂದು ಪಲ್ಸಾರ್ ಸುತ್ತ ಗ್ರಹಗಳನ್ನು ಕಂಡದ್ದನ್ನು ತಿಳಿಸಿದರು. ಅದನ್ನು ಇತರರೂ ಪರೀಕ್ಷಿಸಿದರು. ಆ ಗ್ರಹಗಳು ನಿಜವೆಂದು ಇಂದಿಗೂ ಎಲ್ಲರೂ ಒಪ್ಪುತ್ತಾರೆ.

ನೋಡಿದಿರಾ ಮಕ್ಕಳೇ? ತಪ್ಪಾಗುವುದು ಅವಮಾನವಲ್ಲ. ಆಧಾರವನ್ನು ಬಚ್ಚಿಡುವುದು, ತಪ್ಪು ತಿಳಿದ ಮೇಲೂ ಒಪ್ಪದಿರುವುದು ಅವಮಾನ. ಬೇರೆ ಲೋಕಗಳಲ್ಲಿ ಜೀವಿಗಳಿವೆಯೇ ಎಂದು ಹುಡುಕುವುದು ಒಳ್ಳೆಯ ಕೆಲಸವೇ. ವಿಜ್ಞಾನಿಗಳೂ ಹುಡುಕುತ್ತಿದ್ದಾರೆ. ಆದರೆ ಹುಡುಕುವವರು ಲೆಕ್ಕವನ್ನು ತೋರಿಸಬೇಕು.

ಮಾಡಿ ನೋಡಿ

ಸಂಜೆ ಕತ್ತಲಾದ ಮೇಲೆ ಇಬ್ಬರು ಗೆಳೆಯರು ಹಿರಿಯರೊಡನೆ ಆಕಾಶ ನೋಡಿ. ಚಲಿಸುವ ಬೆಳಕು ಕಂಡರೆ ಸಮಯ, ದಿಕ್ಕು, ಬಣ್ಣ, ಮಿನುಗುತ್ತಿತ್ತೇ ಎಂಬುದನ್ನು ಬರೆದುಕೊಳ್ಳಿ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಆಮೇಲೆ ಹೋಲಿಸಿ. ಮಿನುಗುವ ದೀಪಗಳಿದ್ದರೆ ವಿಮಾನವಿರಬಹುದು. ಮಿನುಗದೆ ಸಾಗಿ ಮರೆಯಾದರೆ ಕೃತಕ ಉಪಗ್ರಹವಿರಬಹುದು. ಏನೆಂದು ತಿಳಿಯದಿದ್ದರೆ “ತಿಳಿಯಲಿಲ್ಲ” ಎಂದೇ ಬರೆಯಿರಿ. ಅದೂ ಸರಿಯಾದ ಉತ್ತರವೇ!

ಯೋಚಿಸಿ ಉತ್ತರಿಸಿ

1. ಫಿಲ್ಮ್ ಹಳೆಯದು ಎಂಬುದರಿಂದ ಏನು ತಿಳಿಯುತ್ತದೆ? ಏನು ತಿಳಿಯುವುದಿಲ್ಲ?
2. ಲೈನ್ ಅವರಿಗೆ ಚಪ್ಪಾಳೆ ಏಕೆ ಸಿಕ್ಕಿತು?
3. ನೀವು ತಪ್ಪನ್ನು ಒಪ್ಪಿಕೊಂಡ ಒಂದು ಸಂದರ್ಭವನ್ನು ತರಗತಿಯಲ್ಲಿ ಹೇಳಿ.