ಕೀಟನಾಶಕದ ಡಬ್ಬಿಯ ಮೇಲಿನ ನಾಲ್ಕು ಬಣ್ಣ: ವಿಷದ ಮಟ್ಟ ತಿಳಿಯುವುದು ಹೇಗೆ?

ಗೊಬ್ಬರದಂಗಡಿಯಲ್ಲಿ ಕೀಟನಾಶಕ ಕೊಳ್ಳುವಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡು ಮಾತು: ಹುಳ ಸಾಯುತ್ತದೆಯೇ, ರೇಟು ಎಷ್ಟು? ಇದು ಸಿಂಪಡಿಸುವವರಿಗೆ ಎಷ್ಟು ವಿಷ ಎಂದು ಕೇಳುವವರು ಕಡಿಮೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ನೂರಾರು ರೈತರು, ಕೂಲಿಕಾರರು ಆಸ್ಪತ್ರೆ ಸೇರಿದರು. ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು. ಹಾಗಾಗಿ ಆ ಮೂರನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು. ಉತ್ತರದ ಒಂದು ಭಾಗ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ.

ಬಣ್ಣ ಮತ್ತು ಪದ

1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಲೇಬಲ್ಲಿನ ಮೇಲೂ ವಜ್ರಾಕಾರದ ಚೌಕವೊಂದು ಇರಲೇಬೇಕು. ಅದರ ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆಯ ಪದ, ಕೆಳಗಿನ ತ್ರಿಕೋನದಲ್ಲಿ ಬಣ್ಣ ಇರುತ್ತದೆ.

- ಕೆಂಪು: ಅತ್ಯಂತ ತೀವ್ರ ವಿಷ. ತಲೆಬುರುಡೆ, ಎಲುಬಿನ ಚಿತ್ರದ ಜೊತೆ ಕೆಂಪಕ್ಷರದಲ್ಲಿ ‘ವಿಷ’ ಎಂದಿರುತ್ತದೆ. (ಎಲ್‌ಡಿ 50: 1ರಿಂದ 50)
- ಹಳದಿ: ಹೆಚ್ಚು ವಿಷ. ಇಲ್ಲೂ ‘ವಿಷ’ ಎಂಬ ಪದವೇ ಇರುತ್ತದೆ. (51ರಿಂದ 500)
- ನೀಲಿ: ಮಧ್ಯಮ ವಿಷ. ‘ಅಪಾಯ’ ಎಂದಿರುತ್ತದೆ. (501ರಿಂದ 5000)
- ಹಸಿರು: ಅಲ್ಪ ವಿಷ. ‘ಎಚ್ಚರಿಕೆ’ ಎಂದಿರುತ್ತದೆ. (5000ಕ್ಕಿಂತ ಹೆಚ್ಚು)

ಎಲ್‌ಡಿ 50 ಎಂದರೆ, ಪ್ರಯೋಗಕ್ಕೆ ಬಳಸಿದ ಇಲಿಯಂಥ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಪ್ರತಿ ಕಿಲೋಗೆ ಬೇಕಾಗುವ ಮಿಲಿಗ್ರಾಂ ಪ್ರಮಾಣ. ಮೇಲಿನವು ಬಾಯಿಯ ಮೂಲಕ ಕೊಟ್ಟಾಗಿನ ಅಂಕಿಗಳು. ಚರ್ಮಕ್ಕೆ ತಗುಲಿದಾಗಿನ ಅಳತೆ ಬೇರೆ ಇದೆ. ಸಂಖ್ಯೆ ಚಿಕ್ಕದಾದಷ್ಟೂ ವಿಷ ಹೆಚ್ಚು. ಹಸಿರು ಕೂಡ ವಿಷದ ಪಟ್ಟಿಯಲ್ಲೇ ಇದೆ ಎಂಬುದನ್ನು ಮರೆಯಬಾರದು.

ಬಣ್ಣ ಹೇಳದ ನಾಲ್ಕು ಸಂಗತಿಗಳು

ಮೊದಲನೆಯದು, ಹುಳದ ಮೇಲಿನ ಪರಿಣಾಮ. ಕೆಂಪು ಡಬ್ಬಿ ಎಂದರೆ ‘ಪವರ್ ಜಾಸ್ತಿ’ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಫಾಲ್ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡದ್ದು ನಮ್ಮ ರಾಜ್ಯದ ಮೆಕ್ಕೆಜೋಳದಲ್ಲಿ. ಅದಕ್ಕೆ ಶಿಫಾರಸಾದ ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ತ್ರಿಕೋನದ್ದು. ಹುಳಕ್ಕೆ ಕಠಿಣವಾದದ್ದು ಮನುಷ್ಯನಿಗೂ ಅಷ್ಟೇ ಕಠಿಣವಾಗಿರಬೇಕಿಲ್ಲ.

ಎರಡನೆಯದು, ಪ್ರತಿವಿಷ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ಕೀಟನಾಶಕ ದೇಹ ಸೇರಿದರೆ ವೈದ್ಯರ ಬಳಿ ಅಟ್ರೋಪಿನ್ ಇದೆ. ಹಳದಿ ತ್ರಿಕೋನದ ಕಳೆನಾಶಕ ಪ್ಯಾರಾಕ್ವಾಟ್‌ಗೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಬಣ್ಣ ಕೆಂಪಲ್ಲವೆಂದು ಹಗುರವಾಗಿ ಕಾಣುವಂತಿಲ್ಲ.

ಮೂರನೆಯದು, ದೀರ್ಘಕಾಲದ ಹಾನಿ. ತ್ರಿಕೋನದ ಬಣ್ಣ ತಕ್ಷಣದ ವಿಷವನ್ನಷ್ಟೇ ಅಳೆಯುತ್ತದೆ. ಎಂಡೋಸಲ್ಫಾನ್ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ‘ಮಧ್ಯಮ ಅಪಾಯಕಾರಿ’ ವರ್ಗದಲ್ಲಿತ್ತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಟಗಳ ಮೇಲೆ ಅದನ್ನು ವರ್ಷಗಟ್ಟಲೆ ಆಕಾಶದಿಂದ ಸಿಂಪಡಿಸಲಾಯಿತು. ಆ ಊರುಗಳ ಪೀಡಿತರಿಗೆ ಸರ್ಕಾರ ಇಂದಿಗೂ ಮಾಸಾಶನ ಕೊಡುತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ದಿನವೂ ಸ್ವಲ್ಪ ಸ್ವಲ್ಪವೇ ದೇಹ ಸೇರುವ ವಿಷದ ಲೆಕ್ಕ ತ್ರಿಕೋನದಲ್ಲಿ ಸಿಗದು.

ನಾಲ್ಕನೆಯದು, ಉಳಿದ ಜೀವಿಗಳು. ಇಮಿಡಾಕ್ಲೋಪ್ರಿಡ್ ಜೇನ್ನೊಣಗಳಿಗೆ, ಲ್ಯಾಂಬ್ಡಾ ಸೈಹಲೋಥ್ರಿನ್ ಮೀನುಗಳಿಗೆ ಬಹಳ ವಿಷ. ಹೂ ಬಿಟ್ಟ ಬೆಳೆಗೆ ಸಿಂಪಡಿಸಬೇಡಿ. ಅನಿವಾರ್ಯವಾದರೆ ಜೇನ್ನೊಣಗಳು ಗೂಡಿಗೆ ಮರಳಿದ ಸಂಜೆಯಲ್ಲಿ ಸಿಂಪಡಿಸಿ. ಕೆರೆ, ಕೃಷಿಹೊಂಡದ ಹತ್ತಿರ ಪಂಪು ತೊಳೆಯಬೇಡಿ.

ಕೊಳ್ಳುವಾಗ, ಬಳಸುವಾಗ

- ಒಂದೇ ಹುಳಕ್ಕೆ ಎರಡು ಕೀಟನಾಶಕ ಶಿಫಾರಸಾಗಿದ್ದರೆ ಕಡಿಮೆ ವಿಷದ ಬಣ್ಣದ್ದನ್ನೇ ಕೇಳಿ. ಬಿಲ್ಲು ಪಡೆಯಿರಿ.
- ಡಬ್ಬಿಯ ಜೊತೆಗಿನ ಚೀಟಿ ಬಿಸಾಡಬೇಡಿ. ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷದ ವಿವರ ಅದರಲ್ಲಿರುತ್ತದೆ.
- ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ನೋಡಿಕೊಳ್ಳಿ. ತರಕಾರಿಯಲ್ಲಿ ಇದು ಬಹಳ ಮುಖ್ಯ.
- ತಿಮೆಟ್ ಎಂದು ನಾವು ಕರೆಯುವ ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯ ದಾಸ್ತಾನು ಸಿಕ್ಕಿದರೂ ಬಳಸಬೇಡಿ.
- ನೀರು ಬೆರೆಸದ ಕೀಟನಾಶಕವನ್ನು ಅಳೆದು ಸುರಿಯುವ ಹೊತ್ತೇ ಹೆಚ್ಚು ಅಪಾಯದ್ದು. ಕೈಗವಸು ಹಾಕಿಕೊಂಡು ಕೋಲಿನಿಂದ ಕಲಕಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ.
- ಶಿಫಾರಸಿಲ್ಲದೆ ಎರಡು ಮೂರು ಕೀಟನಾಶಕ ಬೆರೆಸಬೇಡಿ. ಆ ಮಿಶ್ರಣಕ್ಕೆ ಯಾವ ತ್ರಿಕೋನವೂ ಅನ್ವಯಿಸುವುದಿಲ್ಲ.
- ಡಬ್ಬಿಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ.

ಸಿಂಪಡಿಸುವಾಗ ತಲೆಸುತ್ತು, ವಾಂತಿ, ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈಯನ್ನು ಸಾಬೂನಿನಿಂದ ತೊಳೆಯಿರಿ. ತಡಮಾಡದೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಲೇಬಲ್ ಅಥವಾ ಚೀಟಿಯನ್ನು ಕೊಂಡೊಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರು ಬೇಗ ಚಿಕಿತ್ಸೆ ಆರಂಭಿಸಬಹುದು. ಯಾವ ಕೀಟನಾಶಕ ಬಳಸಬೇಕೆಂಬ ಗೊಂದಲವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕಿಸಾನ್ ಕಾಲ್ ಸೆಂಟರ್‌ನಲ್ಲಿ (1800-180-1551) ಕನ್ನಡದಲ್ಲೇ ವಿಚಾರಿಸಿ.

ಪಂಪು ಹೊರುವವರು ಬಹಳ ಸಲ ಕೂಲಿಯಾಳುಗಳು. ಎಷ್ಟೋ ಮಂದಿಗೆ ಲೇಬಲ್ ಓದಲು ಬಾರದು. ಅವರ ಕೈಗೆ ಪಂಪು ಕೊಡುವ ಮುಂಚೆ ಬಣ್ಣ ತೋರಿಸಿ, ಅದರ ಅರ್ಥ ಬಿಡಿಸಿ ಹೇಳಿ, ಕೈಗವಸು, ಮುಖಗವಸು ಕೊಡಿ. ಇದು ಹೊಲದ ಒಡೆಯನ ಕರ್ತವ್ಯ.